ಬಾರ್ಡೆಟ್-ಬೀಡಲ್ ಸಿಂಡ್ರೋಮ್ ಅನ್ನೋ ಆನುವಂಶಿಕ ಕಾಯಿಲೆಯಲ್ಲಿ ಒಂದೇ ಜೀನ್ ಕೆಟ್ರೆ ಕಣ್ಣು, ಕಿಡ್ನಿ, ಬೆರಳು, ತೂಕ ಎಲ್ಲಾ ಯಾಕೆ ಏರುಪೇರಾಗುತ್ತೆ?

ಯಾಕಂದ್ರೆ ಕೆಡೋದು ಕಣ್ಣಿನ ಜೀನೋ ಕಿಡ್ನಿ ಜೀನೋ ಅಲ್ಲ, ಹೆಚ್ಚುಕಮ್ಮಿ ಎಲ್ಲಾ ಜೀವಕೋಶದ ಮೇಲೂ ಒಂದೊಂದು ಇರೋ ಪ್ರೈಮರಿ ಸಿಲಿಯಂ ಅನ್ನೋ ಸಣ್ಣ ಕೂದಲಿನಂಥ ಭಾಗವನ್ನ ನೋಡ್ಕೊಳ್ಳೋ ಜೀನ್. ಇದು ಕೋಶದ ಆಂಟೆನಾ, ಹೊರಗಿನ ಸಿಗ್ನಲ್ ಹಿಡಿದು ಒಳಗೆ ಕಳಿಸುತ್ತೆ.

ಸಿಲಿಯಂಗೆ ಬೇಕಾದ ಪ್ರೋಟೀನ್ ಕೋಶದೊಳಗಿಂದ ಬರ್ಬೇಕು, ಬೇಡದ್ದು ವಾಪಸ್ ಹೋಗ್ಬೇಕು. ಈ ಸಾಗಾಣಿಕೆ ನಡೆಸೋದು 8 ಪ್ರೋಟೀನ್ ಸೇರಿ ಆಗಿರೋ ಬಿಬಿಸೋಮ್. ಅದರಲ್ಲಿ ಯಾವುದೇ ಒಂದರ ಜೀನ್ ಕೆಟ್ರೂ, ಅದನ್ನ ಜೋಡಿಸೋ ಪ್ರೋಟೀನ್‌ಗಳ ಜೀನ್ ಕೆಟ್ರೂ ಕೆಲಸ ನಿಲ್ಲುತ್ತೆ, ಅದಕ್ಕೇ ಈ ಕಾಯಿಲೆಗೆ 20ಕ್ಕೂ ಹೆಚ್ಚು ಜೀನ್‌ಗಳ ಹೆಸರು ಕೇಳಿಬರೋದು. ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪದರ) ಬೆಳಕು ಹಿಡಿಯೋ ಭಾಗವೇ ಒಂದು ಮಾರ್ಪಟ್ಟ ಸಿಲಿಯಂ, ಅಲ್ಲಿ ಬೇಡದ ಪ್ರೋಟೀನ್ ತುಂಬ್ಕೊಂಡು ಕೋಶ ನಿಧಾನಕ್ಕೆ ಸಾಯುತ್ತೆ, ಮೊದಲು ರಾತ್ರಿ ಹೊತ್ತು ಕಣ್ಣು ಕಾಣ್ಸಲ್ಲ. ಮೆದುಳಲ್ಲಿ ಹೊಟ್ಟೆ ತುಂಬಿದ ಸಿಗ್ನಲ್ ಸರಿಯಾಗಿ ಮುಟ್ಟಲ್ಲ, ಮಗು ತಿಂತಾನೇ ಇರುತ್ತೆ (ಅದನ್ನ ಬೈದು ಪ್ರಯೋಜನ ಇಲ್ಲ). ಆರನೇ ಬೆರಳು ಗರ್ಭದಲ್ಲೇ ಸಿಗ್ನಲ್ ತಪ್ಪಿದ್ದರಿಂದ.

ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನಿನ ಕೆಟ್ಟ ಕಾಪಿ ಬಂದ್ರೆ ಮಾತ್ರ ಕಾಯಿಲೆ. ಇಬ್ರೂ ಕ್ಯಾರಿಯರ್, ಅಂದ್ರೆ ಒಂದೊಂದೇ ಕೆಟ್ಟ ಕಾಪಿ ಇರೋರು, ಆಗಿದ್ರೆ, ಅವರಿಗೆ ಏನೂ ತೊಂದ್ರೆ ಇಲ್ದಿದ್ರೂ, ಪ್ರತಿ ಬಸಿರಿನಲ್ಲೂ 25% ರಿಸ್ಕ್. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾದಾಗ ಇಬ್ಬರ ಹತ್ರಾನೂ ಒಂದೇ ಕೆಟ್ಟ ಕಾಪಿ ಇರೋ ಚಾನ್ಸ್ ಜಾಸ್ತಿ. ಹಂಗಂತ ಬರೀ ಆರನೇ ಬೆರಳು ನೋಡಿ ಗಾಬರಿ ಬೀಳ್ಬೇಡಿ, ಅದು ಎಷ್ಟೋ ಜನಕ್ಕೆ ಬೇರೆ ಯಾವ ಸಮಸ್ಯೆನೂ ಇಲ್ದೆ ಇರುತ್ತೆ.