ಮಳೆಗಾಲವಿಡೀ ಮೂಲೆಯಲ್ಲಿಟ್ಟ ಕಳೆ ಕತ್ತರಿಸುವ ಮೆಷಿನ್ ಯಾಕೆ ಸ್ಟಾರ್ಟ್ ಆಗುವುದಿಲ್ಲ?

ಹೆಚ್ಚಿನ ಸಲ ತೊಂದರೆ ಎಂಜಿನ್ನಿನದ್ದಲ್ಲ, ಟ್ಯಾಂಕಿನಲ್ಲಿ ಉಳಿದ ಹಳೇ ಪೆಟ್ರೋಲಿನದ್ದು. ಅದನ್ನು ಪೂರ್ತಿ ತೆಗೆದು ಹೊಸದು ಹಾಕಿ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ವರೆಗೂ ಎಥನಾಲ್, ಅಂದರೆ ಒಂದು ಬಗೆಯ ಆಲ್ಕೋಹಾಲ್, ಬೆರೆತಿರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಮನೆಯ ಗೋಡೆಯೇ ಬೆವರುತ್ತದೆ, ಇನ್ನು ಅರ್ಧ ಖಾಲಿ ಟ್ಯಾಂಕನ್ನು ಬಿಟ್ಟೀತಾ? ನೀರು ಜಾಸ್ತಿಯಾದಾಗ ಎಥನಾಲನ್ನೂ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಹೀರುವ ಪೈಪಿನ ತುದಿ ಇರುವುದೂ ಅಲ್ಲೇ! ಜೊತೆಗೆ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಹಳೇ ಪೆಟ್ರೋಲ್ ಆರಿ ಅಂಟಾಗುತ್ತದೆ. ಅದರ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ.

ಹೊಸ ಪೆಟ್ರೋಲಿಗೂ ಬಗ್ಗದಿದ್ದರೆ ಸುಮ್ನೆ ಹಗ್ಗ ಎಳೆಯುತ್ತಾ ಕೂರಬೇಡಿ, ತೋಳು ನೋವಷ್ಟೇ ಲಾಭ. ಐದಾರು ಸಲ ಎಳೆದು, ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಬೇಕು. ಒದ್ದೆಯಿದ್ದರೆ ಪೆಟ್ರೋಲ್ ಜಾಸ್ತಿ ನುಗ್ಗಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಒರೆಸಿ, ಒಣಗಿಸಿ, ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ಕಡಿಮೆ ಮಾಡುವ ಲಿವರ್) ಇಲ್ಲದೆ ಎಳೆಯಿರಿ. ಆಗಲೂ ಆಗದಿದ್ದರೆ ಪ್ಲಗ್ ಬದಲಿಸಿ, ದುಬಾರಿಯೇನಲ್ಲ.

ಟೂ-ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಮೆಷಿನ್ ಆದರೆ ಹೊಸ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಲು ಮರೆಯಬೇಡಿ. ಪ್ರಮಾಣ ಮೆಷಿನ್ನಿನ ಕೈಪಿಡಿಯಲ್ಲಿರುತ್ತದೆ. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಸವೆದು ಎಂಜಿನ್ ಹಿಡಿದುಕೊಳ್ಳುತ್ತದೆ. ಮುಂದಿನ ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿಬಿಡಿ.