ಅಕ್ಕಿ ಚೀಲಕ್ಕೆ ಒರಗಿ ಓದಿದ ಪ್ಲೇಗಿನ ಪುಸ್ತಕಗಳು

"ಕೊರೊನಾ ಹೊತ್ತಿನಲ್ಲಿ ಹಳೆಯ ಪ್ಲೇಗಿನ ಕಾದಂಬರಿಗಳನ್ನು ಯಾರಾದರೂ ಮತ್ತೆ ಓದಿದ್ದೀರಾ? ಭಯ ಜಾಸ್ತಿ ಆಗಲಿಲ್ವಾ?" ಅಂತ ಕೇಳಿದ್ದೀರಿ. ಓದಿದೆ. ಮೊದಮೊದಲು ಭಯ ಆಗಲಿಲ್ಲ, ನಗುವೇ ಬಂತು.

ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ನಮ್ಮದು ಕಿರಾಣಿ ಅಂಗಡಿ. 2021ರ ಮೇ ತಿಂಗಳಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ವ್ಯಾಪಾರ. ಆಮೇಲೆ ಶಟರ್ ಎಳೆದು, ಒಳಗೆ ಅಕ್ಕಿ ಚೀಲಕ್ಕೆ ಒರಗಿ ಓದುತ್ತಿದ್ದೆ.

ಇಂಗ್ಲಿಷ್ ಲೇಖಕ ಡೇನಿಯಲ್ ಡೆಫೊ 1722ರಲ್ಲಿ ಬರೆದದ್ದು 1665ರ ಲಂಡನ್ ಪ್ಲೇಗಿನ ಕಥೆ. ಪ್ಲೇಗ್ ಬಂದಾಗ ಅವನಿನ್ನೂ ಸಣ್ಣ ಹುಡುಗ, ಆದರೂ ಕಣ್ಣಾರೆ ಕಂಡವನ ಹಾಗೆ ಬರೆಯುತ್ತಾನೆ. ಅದರಲ್ಲಿ ಒಬ್ಬ ಮಾಂಸದಂಗಡಿಯವನು ದುಡ್ಡನ್ನು ಕೈಯಲ್ಲಿ ಮುಟ್ಟುವುದಿಲ್ಲ. ಗಿರಾಕಿ ನಾಣ್ಯವನ್ನು ವಿನೆಗರ್ ತುಂಬಿದ ಪಾತ್ರೆಗೆ ಹಾಕಬೇಕು. ವಾಪಸ್ ಚಿಲ್ಲರೆ ತಗೊಳ್ಳುವ ಗೊಡವೆ ಬೇಡ ಅಂತ ಗಿರಾಕಿಗಳೇ ಲೆಕ್ಕಕ್ಕೆ ಸರಿಯಾಗಿ ಚಿಲ್ಲರೆ ತರುತ್ತಾರೆ. ಕಾಲೇಜಿನಲ್ಲಿ ಓದಿದಾಗ ಈ ಸಾಲು ಕಣ್ಣಿಗೇ ಬಿದ್ದಿರಲಿಲ್ಲ. ಈಗ ನಾನೇ ಗಲ್ಲಾದ ಮುಂದೆ ಸ್ಟೀಲ್ ತಾಟು ಇಟ್ಟು, "ಇದರಾಗ ಹಾಕ್ರಿ, ಚಿಲ್ಲರ ತರ್ರಿ" ಅನ್ನುತ್ತಿದ್ದೆ. ನೋಟಿಗೆ ಸ್ಯಾನಿಟೈಜರ್ ಹೊಡೆದು ದಾರಕ್ಕೆ ಚಿಮಟಿ ಹಾಕಿ ಒಣಗಿಸುತ್ತಿದ್ದೆ. ಒಂದು ಹತ್ತರ ನೋಟು ತೊಯ್ದು ಹರಿದೇ ಹೋಯಿತು.

ಇಟಲಿಯ ಬೊಕಾಚಿಯೊ ಬರೆದ 'ಡೆಕಮೆರಾನ್' ಪುಸ್ತಕದಲ್ಲಿ ಹತ್ತು ಮಂದಿ ಶ್ರೀಮಂತರು ಪ್ಲೇಗಿಗೆ ಹೆದರಿ ಫ್ಲಾರೆನ್ಸ್ ಬಿಟ್ಟು ಹೋಗಿ ಕಥೆ ಹೇಳುತ್ತಾ ಕೂರುತ್ತಾರೆ. ಅವರಿಗೆ ಅಂಗಡಿ ಇರಲಿಲ್ಲ ಅಲ್ವಾ? ಅರ್ಧಕ್ಕೇ ಬಿಟ್ಟೆ.

ಫ್ರೆಂಚ್ ಲೇಖಕ ಕಮೂನ ಕಾದಂಬರಿ 'ಪ್ಲೇಗ್' (1947) ಬೇರೆ. ಸತ್ತ ಇಲಿ ಕಣ್ಣೆದುರೇ ಬಿದ್ದಿದ್ದರೂ ಕಟ್ಟಡ ಕಾಯುವ ಮುದುಕ, ಇಲ್ಲಿ ಇಲಿಗಳೇ ಇಲ್ಲ, ಯಾರೋ ಹುಡುಗರ ಕಿತಾಪತಿ ಅನ್ನುತ್ತಾನೆ. ಮೊದಲು ಸಾಯುವವನೂ ಅವನೇ. "ನಮ್ಮ ಓಣ್ಯಾಗ ಅಂಥಾದ್ದೇನಿಲ್ಲ" ಅನ್ನುವ ಮಾತನ್ನು ನಾನು ದಿನಾ ಕೇಳುತ್ತಿದ್ದೆ.

ಪ್ಲೇಗ್ ಅಂದರೆ ಪರದೇಶದ ಕಥೆ ಅಂದುಕೊಳ್ಳಬೇಡಿ. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ ಪ್ಲೇಗ್ ಬಂದು, ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ಸಾವಿರಾರು ಮಂದಿಗೆ ಚುಚ್ಚಿದ್ದರು. ನಮ್ಮ ಅಜ್ಜಿ ತಾನು ಕೇಳಿದ್ದನ್ನು ಹೇಳುತ್ತಿದ್ದಳು: "ಇಲಿ ಬಿದ್ದೂವಂದ್ರ ಮಂದಿ ಮನಿಗೆ ಕೀಲಿ ಹಾಕಿ, ಹೊಲದಾಗ ಗುಡಸಲಾ ಹಾಕ್ಕೊಂಡು ಇರತಿದ್ರಂತ."

ಭಯ ಹುಟ್ಟಿಸಿದ್ದು ಅನಂತಮೂರ್ತಿಯವರ 'ಸಂಸ್ಕಾರ' (1965). ಅಗ್ರಹಾರದ ಕಟ್ಟಳೆ ಮೀರಿ ಬದುಕಿದ ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಪ್ಲೇಗಿನ ಜ್ವರ ಹಚ್ಚಿಕೊಂಡು ಬಂದು ಸಾಯುತ್ತಾನೆ. ಹೆಣ ಮನೆಯಲ್ಲೇ ಬಿದ್ದಿದೆ, ಅದನ್ನು ಎತ್ತುವ ತನಕ ಯಾರೂ ಉಣ್ಣುವ ಹಾಗಿಲ್ಲ, ಎತ್ತುವವರು ಯಾರು ಅನ್ನುವುದು ಇತ್ಯರ್ಥ ಆಗುವುದಿಲ್ಲ. ಕೊನೆಗೆ ಅವನ ಜೊತೆ ಬಾಳಿದ ಚಂದ್ರಿ ಒಬ್ಬ ಮುಸ್ಲಿಂ ಮೀನು ವ್ಯಾಪಾರಿಯ ನೆರವು ಪಡೆದು ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ಹಿಂದೆ ಇದನ್ನು ಜಾತಿಯ ಕಥೆ ಅಂತಲೇ ಓದಿದ್ದೆ.

ಅದೇ ವಾರ ಎದುರು ಮನೆಯ ಅಜ್ಜ ತೀರಿಕೊಂಡರು. ಆಂಬುಲೆನ್ಸಿನಿಂದ ಇಳಿದ ಇಬ್ಬರು ಹುಡುಗರು, ಮೈತುಂಬಾ ಬಿಳಿ ಪ್ಲಾಸ್ಟಿಕ್ ಉಡುಪು, ಅಜ್ಜನನ್ನು ಎತ್ತಿಕೊಂಡು ಹೋದರು. ಆ ಹುಡುಗರ ಹೆಸರೂ ನಮಗೆ ಗೊತ್ತಿಲ್ಲ. ಅಜ್ಜ ಇಪ್ಪತ್ತು ವರ್ಷ ನಮ್ಮ ಅಂಗಡಿಯಲ್ಲೇ ರೇಷನ್ ಒಯ್ದ ಮನುಷ್ಯ. ನಾನು ಶಟರಿನ ಸಂದಿಯಿಂದ ನೋಡಿದೆ, ಹೊರಗೆ ಬರಲಿಲ್ಲ.

ಸ್ವಲ್ಪ ದಿನ ಬಿಟ್ಟು ಅಜ್ಜನ ಮಗ ಬಂದ, ಕರ್ಪೂರ, ಊದಿನಕಡ್ಡಿ, ದೀಪಕ್ಕೆ ಎಣ್ಣೆ ತಗೊಂಡ. ಏನೂ ಹೇಳಿಸಿಕೊಳ್ಳದೆ ದುಡ್ಡನ್ನು ತಾನೇ ತಾಟಿಗೆ ಹಾಕಿದ. ನಾನು ಅದಕ್ಕೂ ಸ್ಯಾನಿಟೈಜರ್ ಹೊಡೆದೆ.