ಕಾಯಿಸಿದ ಡ್ರಮ್ಮು ತಣ್ಣಗೆ ತೋರುವುದೇಕೆ?

ಪ್ರಶ್ನೆ: ಕಾಫಿ ಹುರಿಯುವ ಯಂತ್ರದ ಉಕ್ಕಿನ ಡ್ರಮ್ಮು ಹೇಗೆ ಕಾಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ದಪ್ಪ 10 ಮಿ.ಮೀ., ಆರಂಭದಲ್ಲಿ ಎಲ್ಲ ಕಡೆ 25 ಡಿಗ್ರಿ. ಹೊರಮೈಗೆ ಒಮ್ಮೆಲೇ 200 ಡಿಗ್ರಿ ಕೊಟ್ಟಿದ್ದೇನೆ. 5 ಮಿ.ಮೀ. ಟೆಟ್ರಾ ಮೆಶ್ (ಡ್ರಮ್ಮನ್ನು ನಾಲ್ಕು ಮುಖದ ಸಣ್ಣ ತುಂಡುಗಳಾಗಿ, ಅಂದರೆ ಎಲಿಮೆಂಟುಗಳಾಗಿ ಒಡೆದದ್ದು), 0.01 ಸೆಕೆಂಡ್ ಟೈಮ್ ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕಿರುವ ಸಮಯ). ಮೊದಮೊದಲ ಸ್ಟೆಪ್ಪುಗಳಲ್ಲಿ ಒಳಗೆ 25ಕ್ಕಿಂತ ಕಡಿಮೆ ಬರುತ್ತಿದೆ. ಸುತ್ತಲೂ ಒಂದೇ ಶಾಖವಿದ್ದರೂ ಒಳಮೈ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ತಪ್ಪೆಲ್ಲಿದೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮ ಟೈಮ್ ಸ್ಟೆಪ್ಪಿಗೂ ಎಲಿಮೆಂಟಿನ ಅಳತೆಗೂ ತಾಳೆಯಾಗುತ್ತಿಲ್ಲ. 0.01 ಸೆಕೆಂಡಿನಲ್ಲಿ ಉಕ್ಕಿನೊಳಗೆ ಶಾಖ ಇಳಿಯುವುದು ಸುಮಾರು 0.36 ಮಿ.ಮೀ. ಮಾತ್ರ. ಅಷ್ಟು ಕಡಿದಾದ ಇಳಿಜಾರನ್ನು 5 ಮಿ.ಮೀ. ಎಲಿಮೆಂಟ್ ತೋರಿಸಲಾರದು. ಶಾಖದ ಲೆಕ್ಕ ಸರಿದೂಗಿಸಲು ಪಕ್ಕದ ನೋಡನ್ನು (ಎಲಿಮೆಂಟಿನ ಮೂಲೆಯ ಬಿಂದುವನ್ನು) 25ರ ಕೆಳಗೆ ತಳ್ಳುತ್ತದೆ. ಟೆಟ್ರಾಗಳ ಗಾತ್ರ, ಓರೆ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಈ ತಪ್ಪೂ ಒಂದೇ ಸಮ ಇರುವುದಿಲ್ಲ. ಮಚ್ಚೆ ಬರುವುದು ಅದಕ್ಕೇ.

ಲೀನಿಯರ್ ಎಲಿಮೆಂಟಿಗೆ (ಒಳಗೆ ಉಷ್ಣತೆ ನೇರ ಗೆರೆಯಂತೆ ಬದಲಾಗುತ್ತದೆಂದು ಎಣಿಸುವುದಕ್ಕೆ) ಕನಿಷ್ಠ ಸ್ಟೆಪ್ ಹೀಗೆ: ಸಾಂದ್ರತೆ × ವಿಶಿಷ್ಟ ಶಾಖ × ಎಲಿಮೆಂಟ್ ಉದ್ದದ ವರ್ಗ, ಇದನ್ನು ಶಾಖವಾಹಕತೆಯ 6 ಪಟ್ಟಿನಿಂದ ಭಾಗಿಸಿ. ಉಕ್ಕಿಗೆ ಸಾಂದ್ರತೆ 7850, ವಿಶಿಷ್ಟ ಶಾಖ 480, ಶಾಖವಾಹಕತೆ 50 (ಎಲ್ಲ ಎಸ್‌ಐ ಮಾನದಲ್ಲಿ, ಉದ್ದ ಮೀಟರಿನಲ್ಲಿ) ಇಟ್ಟುಕೊಂಡರೆ, 5 ಮಿ.ಮೀ.ಗೆ ಸುಮಾರು 0.31 ಸೆಕೆಂಡ್ ಬರುತ್ತದೆ. 0.01 ಸೆಕೆಂಡೇ ಬೇಕೆಂದರೆ ಎಲಿಮೆಂಟ್ 0.9 ಮಿ.ಮೀ. ಮೀರಬಾರದು. ಇಡೀ ಡ್ರಮ್ಮಿಗೆ ಅಷ್ಟು ಸಣ್ಣ ಮೆಶ್ ಹಾಕಲು ಹೋಗಬೇಡಿ, ದಪ್ಪದ ದಿಕ್ಕಿಗಷ್ಟೇ ಸಾಕು. ಹೊರಮೈಯಲ್ಲಿ 0.5 ಮಿ.ಮೀ. ಪದರದಿಂದ ಶುರುಮಾಡಿ, ಒಂದೊಂದು ಪದರವೂ ಹಿಂದಿನದರ 1.2 ಪಟ್ಟು ಆಗುವಂತೆ ಬಿಟ್ಟರೆ 9 ಪದರಗಳಲ್ಲಿ 10 ಮಿ.ಮೀ. ಹೆಚ್ಚುಕಮ್ಮಿ ಮುಗಿಯುತ್ತದೆ. ಡ್ರಮ್ಮು ತಿರುಗುವುದರಿಂದ ಸುತ್ತಲೂ ಶಾಖ ಒಂದೇ. ಹಾಗಾಗಿ ಟೆಟ್ರಾ ಬಿಟ್ಟು ಆಕ್ಸಿಸಿಮೆಟ್ರಿಕ್ 2ಡಿ (ಅಕ್ಷದ ಸುತ್ತ ಎಲ್ಲ ಕಡೆ ಒಂದೇ ಎಂದು ಒಂದು ಸೀಳನ್ನಷ್ಟೇ ಲೆಕ್ಕ ಹಾಕುವುದು) ಮಾಡಿಕೊಳ್ಳಿ, ಮಚ್ಚೆಯ ಪ್ರಶ್ನೆಯೇ ಏಳುವುದಿಲ್ಲ. ಸಾಫ್ಟ್‌ವೇರಿನಲ್ಲಿ ಲಂಪ್ಡ್ ಕೆಪಾಸಿಟಿ (ಎಲಿಮೆಂಟಿನ ಶಾಖಧಾರಣೆಯನ್ನು ಅದರ ನೋಡುಗಳಿಗೇ ಹಂಚಿಬಿಡುವ) ಆಯ್ಕೆ ಇದ್ದರೆ ಅದನ್ನೂ ಹಾಕಿ.

ಆದರೆ ಇದಕ್ಕಿಂತ ದೊಡ್ಡ ತಕರಾರು ನಿಮ್ಮ 200 ಡಿಗ್ರಿಯದು. ಬೆಂಕಿ ಹಚ್ಚಿದ ಕ್ಷಣವೇ ಯಾವ ಡ್ರಮ್ಮಿನ ಮೈಯೂ 200ಕ್ಕೆ ಏರುವುದಿಲ್ಲ. ಬಿಸಿಗಾಳಿಯಿಂದ ಶಾಖ ನಿಧಾನವಾಗಿ ಹತ್ತುತ್ತದೆ. ಅಲ್ಲಿ ಕನ್ವೆಕ್ಷನ್ (ಗಾಳಿಯಿಂದ ಮೈಗೆ ಶಾಖ ಹತ್ತುವ ಲೆಕ್ಕ) ಕೊಡಿ. ಶಾಖ ವರ್ಗಾವಣೆ ಗುಣಾಂಕ 50 ಎಂದಿಟ್ಟರೆ ಬಯೋಟ್ ಸಂಖ್ಯೆ (ಗುಣಾಂಕ × ಮೀಟರಿನಲ್ಲಿ ದಪ್ಪ ÷ ಶಾಖವಾಹಕತೆ) 50 × 0.01 ÷ 50, ಅಂದರೆ 0.01. 0.1ಕ್ಕಿಂತ ಕಡಿಮೆ ಇದ್ದರೆ ದಪ್ಪದುದ್ದಕ್ಕೂ ಉಷ್ಣತೆ ಹತ್ತಿರಹತ್ತಿರ ಒಂದೇ ಇರುತ್ತದೆ. ಆಗ 3–4 ಪದರ, 1 ಸೆಕೆಂಡ್ ಸ್ಟೆಪ್ ಧಾರಾಳ.

ಕೊನೆಗೆ ಪದರಗಳನ್ನು ಇಮ್ಮಡಿಸಿ, ಸ್ಟೆಪ್ ಅರ್ಧಕ್ಕಿಳಿಸಿ ಮತ್ತೊಮ್ಮೆ ಓಡಿಸಿ. ಒಳಮೈಯ ಒಂದೇ ಬಿಂದುವಿನ ಎರಡೂ ಗ್ರಾಫುಗಳನ್ನು ಒಂದರ ಮೇಲೊಂದಿಟ್ಟು ನೋಡಿ. ಅಂತರ 1 ಡಿಗ್ರಿಗಿಂತ ಹೆಚ್ಚಿದ್ದರೆ ಮೆಶ್ ಇನ್ನೂ ಸಾಲದು.